ಅಮ್ಮನ ಬಾಯಲ್ಲಿ ನನ್ನ ನಂಬರು

ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಬರುತ್ತಿತ್ತು ಅನ್ನಬೇಕೇನೋ. ಆ ಸಿಟ್ಟಿನ ಕಾಲದಲ್ಲಿ ಜಯನಗರದಿಂದ ಬನಶಂಕರಿಯವರೆಗೆ ನಾನು ಜಗಳ ಆಡದ ಕೌಂಟರ್ ಇರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಲೂ ಇದ್ದೆ.

ಒಮ್ಮೆ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯೊಂದರಲ್ಲಿ ಒಂದು ಜೊತೆ ಕಾಲುಚೀಲ ಕೊಂಡೆ. ಬಿಲ್ ಮಾಡುವ ಹುಡುಗಿ ತಲೆ ಎತ್ತದೆ, "ನಂಬರ್ ಹೇಳಿ ಸಾರ್" ಅಂದಳು.

"ಕಾಲುಚೀಲಕ್ಕೆ ಫೋನ್ ನಂಬರ್ ಯಾಕಮ್ಮ? ತೂತು ಬಿದ್ರೆ ಫೋನ್ ಮಾಡಿ ವಿಚಾರಿಸ್ತೀರಾ?"

"ಸಿಸ್ಟಮ್ ಕೇಳುತ್ತೆ ಸಾರ್."

"ಹಂಗಾದ್ರೆ ಸಿಸ್ಟಮ್‌ಗೆ ಹೇಳಿ, ಸಾರ್ ಕೊಡಲ್ಲ ಅಂತ."

ಅಲ್ಲಿಂದ ನನ್ನ ಭಾಷಣ ಶುರು. ನಂಬರ್ ಅಂದರೆ ಮನೆಯ ಬೀಗದ ಕೈ ಇದ್ದ ಹಾಗೆ, ಇವತ್ತು ನೀವು ಕೇಳ್ತೀರಿ, ನಾಳೆ ಅದನ್ನ ಯಾರಿಗೋ ಮಾರ್ತೀರಿ, ನಾನು ಏನು ಉಡ್ತೀನಿ ಏನು ತಿಂತೀನಿ ಅನ್ನೋದು ಊರಿಗೆಲ್ಲ ಯಾಕೆ ಗೊತ್ತಾಗಬೇಕು, ಇತ್ಯಾದಿ. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ನನ್ನ ಹೆಂಡತಿ ಎದುರಿನ ಪಾತ್ರೆ ಅಂಗಡಿಗೆ ಹೋಗಿ, ನನ್ನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ ಕುಕ್ಕರಿನ ಮುಚ್ಚಳಗಳನ್ನು ನೋಡುತ್ತಿದ್ದಳು. ಸಾಲಿನಲ್ಲಿದ್ದ ಒಬ್ಬರು ಮಾತ್ರ ಮೆಚ್ಚಿದರು. ನಮ್ಮ ಮನೆಯ ಹಿಂದಿನ ಕ್ರಾಸಿನವರು, ರಿಟೈರ್ ಆದವರು, ಬೆಳಿಗ್ಗೆ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು. "ನಿಮ್ಮಂಥೋರು ಬೇಕು ಸಾರ್" ಅಂದರು. ನಾನು ಉಬ್ಬಿಹೋದೆ. ಹೊರಗೆ ಬಂದ ಕೂಡಲೇ ಪಾರ್ಸೆಲ್ ತಂದವನ ಫೋನ್ ಬಂತು. ರಸ್ತೆಯ ಮಧ್ಯೆ ನಿಂತು ನನ್ನ ಹೆಸರು, ಮನೆ ನಂಬರ್, ಕ್ರಾಸು, ಕೆಳಗಿನ ಮನೆಯವರ ಫೋನ್ ನಂಬರ್ ಎಲ್ಲವನ್ನೂ ಆಟೋಸ್ಟ್ಯಾಂಡಿಗೆ ಕೇಳುವ ಹಾಗೆ ಒದರಿದೆ.

ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ಒಂದು ಸಲ ಅವಳಿಗೆ ಬ್ಯಾಂಕಿನವನು ಅಂತ ಹೇಳಿಕೊಂಡು ಯಾವನೋ ಫೋನ್ ಮಾಡಿದ. ಅಮ್ಮ ಅವನಿಗೆ ಊಟ ಆಯ್ತೇನಪ್ಪಾ ಅಂತ ಕೇಳಿ, ತನ್ನ ಮಂಡಿನೋವಿನ ಕಥೆ ಹೇಳಿ, ಅವನ ತಾಯಿಯ ಆರೋಗ್ಯ ವಿಚಾರಿಸಿದ್ದಳು. ಓಟಿಪಿ ಒಂದನ್ನು ಮಾತ್ರ ಕೊಟ್ಟಿರಲಿಲ್ಲ, ಅದೂ ಕನ್ನಡಕ ಸಿಗದೇ ಇದ್ದದ್ದಕ್ಕೆ. ಅವತ್ತೇ ನಾನು ಕಾನೂನು ಮಾಡಿದೆ.

"ಅಮ್ಮಾ, ಇನ್ಮೇಲೆ ನಿನ್ನ ನಂಬರ್ ಯಾರಿಗೂ ಕೊಡಬೇಡ. ಯಾವ ಅಂಗಡೀಲಿ ಕೇಳಿದ್ರೂ ನನ್ನ ನಂಬರ್ ಹೇಳು. ಬರೋ ಕಾಟ ನನಗೆ ಬರಲಿ."

ಎಂಥ ತ್ಯಾಗ ನೋಡಿ. ಅಮ್ಮ ನನ್ನ ನಂಬರನ್ನು ಬಾಯಿಪಾಠ ಮಾಡಿದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಿರುವಾಗಲೇ, ಪಂಚಾಕ್ಷರಿಯ ಬೆನ್ನಿಗೆ ನನ್ನ ನಂಬರೂ ಒಂದು ಸುತ್ತು ಆಗುತ್ತಿತ್ತು. ಸ್ವಲ್ಪ ದಿನದಲ್ಲೇ ನಮ್ಮ ಸುತ್ತಮುತ್ತಲಿನ ಅಂಗಡಿಗಳ ಕಂಪ್ಯೂಟರಿನಲ್ಲಿ ಅಮ್ಮನ ಹೆಸರಿನ ಪಕ್ಕ ನನ್ನ ನಂಬರ್ ಬಂದು ಕೂತಿತು. ಆಮೇಲೆ ಅವಳು ಹೇಳುವುದೂ ಬೇಕಿರಲಿಲ್ಲ. ಅವಳ ಮುಖ ಕಂಡರೆ ಸಾಕು, ಅವರೇ ನಂಬರ್ ಒತ್ತಿ ಬಿಲ್ ಕಳಿಸುತ್ತಿದ್ದರು.

ಆ ಬಿಲ್ಲುಗಳೆಲ್ಲ ನನ್ನ ಫೋನಿಗೆ ಬರತೊಡಗಿದವು. ತೆಗೆದು ನೋಡಬೇಕಾದ ಅಗತ್ಯ ಇರಲಿಲ್ಲ. ಆದರೆ ಬಂದ ಮೇಲೆ ನೋಡದೆ ಇರುವುದು ಹೇಗೆ? ಅಮ್ಮನ ಸುರಕ್ಷತೆಗೆ ಅಂತ ನನಗೆ ನಾನೇ ಹೇಳಿಕೊಂಡು ಒಂದೊಂದನ್ನೂ ಓದಿದೆ. ಅಗರಬತ್ತಿ, ಕರ್ಪೂರ, ಎಲೆ ಅಡಿಕೆ, ಮತ್ತೆ ನಡುವೆ ಕೊಬ್ಬರಿ ಮಿಠಾಯಿ. ಅಮ್ಮನಿಗೆ ಸಕ್ಕರೆ ಕಾಯಿಲೆ.

"ಏನಮ್ಮಾ, ಇವತ್ತು ಕೊಬ್ಬರಿ ಮಿಠಾಯಿ ಚೆನ್ನಾಗಿತ್ತಾ?" ಅಂತ ಊಟಕ್ಕೆ ಕೂತಾಗ ಕೇಳಿದೆ.

ಅಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು, ತಟ್ಟೆಯ ಪಕ್ಕ ಇಟ್ಟಿದ್ದ ನನ್ನ ಫೋನ್ ನೋಡಿದಳು. "ಒಂದೇ ಒಂದು ಚೂರು ಕಣೋ" ಅಂದಳು. ನಾನು ಪತ್ತೇದಾರನ ಹಾಗೆ ನಕ್ಕೆ. ಇನ್ನೊಂದು ದಿನ, "ಬಿಸ್ಕತ್ತು ಎರಡು ಪ್ಯಾಕೆಟ್ ಯಾರಿಗಮ್ಮ?" ಅಂತ ಕೇಳಿದೆ. ಬೀದಿನಾಯಿಗಂತೆ. ನಂಬದವನ ಹಾಗೆ ಹುಬ್ಬೇರಿಸಿದೆ.

ನನ್ನ ಹೆಂಡತಿ ಪಾತ್ರೆ ಎತ್ತುತ್ತಾ, "ಅಂಗಡಿಯೋರು ನಮ್ಮ ವಿಷಯ ತಿಳ್ಕೊಳ್ತಾರೆ ಅಂತ ಊರೆಲ್ಲ ಕೂಗಾಡ್ತೀರಲ್ಲ, ಬೇಲೀನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಕಣ್ರೀ" ಅಂದಳು. ಅವಳು ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾಳೆ ಅಂದುಕೊಂಡು ನಾನು ಮಜ್ಜಿಗೆ ಬಡಿಸಿಕೊಂಡೆ.

ಸ್ವಲ್ಪ ಕಾಲದ ಮೇಲೆ ಅಮ್ಮನ ಬಿಲ್ಲುಗಳು ಬರುವುದೇ ನಿಂತಿತು. ನನ್ನ ಮಾತಿಗೆ ಬೆಲೆ ಬಂತಲ್ಲ ಅಂತ ಖುಷಿಯಾಯಿತು. ಅಮ್ಮ ಸಂಜೆ ಹೊರಗೆ ಹೋಗುವುದನ್ನೂ ನಿಲ್ಲಿಸಿದಳು. ಪಾರ್ಕಿನ ಹೆಂಗಸರ ಜೊತೆ ಕೂತು ವಚನ ಹಾಡುವುದನ್ನು ಬಿಟ್ಟಳು. ನೀರು ಕುಡಿ ಅಂದರೆ ಬೇಡ ಬಿಡು ಅನ್ನುತ್ತಿದ್ದಳು. ಯಾರಾದರೂ ತಮಾಷೆ ಮಾಡಿದರೆ ನಗು ಬರುವ ಮೊದಲೇ ಎದ್ದು ಕೋಣೆಗೆ ಹೋಗುತ್ತಿದ್ದಳು. ಇಷ್ಟೆಲ್ಲ ಕಣ್ಣೆದುರಿಗೇ ನಡೆಯುತ್ತಿತ್ತು. ಮಿಠಾಯಿಗೆ ಮುನಿಸಿಕೊಂಡಿದ್ದಾಳೆ ಅಂತ ನಾನು ತೀರ್ಮಾನ ಮಾಡಿದ್ದೆ.

ಆ ಹೊತ್ತಿಗೆ ನನ್ನ ಚಿಕ್ಕಮ್ಮನ, ಅಂದರೆ ಅಮ್ಮನ ಒಬ್ಬಳೇ ತಂಗಿಯ, ಗೃಹಪ್ರವೇಶ ಬಂತು. ಚಿಕ್ಕಮ್ಮ ಜೀವನವೆಲ್ಲ ಬಾಡಿಗೆ ಮನೆಗಳಲ್ಲೇ ಕಳೆದವಳು. ಕೊನೆಗೂ ತಲಘಟ್ಟಪುರದ ಕಡೆ ಒಂದು ಪುಟ್ಟ ಮನೆ ಎದ್ದಿತ್ತು. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು ಅಕ್ಕನ ಕೈಯಲ್ಲೇ ಆಗಬೇಕು ಅಂತ ಪಾಯ ತೋಡಿದ ದಿನವೇ ಹೇಳಿಟ್ಟಿದ್ದಳು. ಅಮ್ಮ ಅದಕ್ಕೆ ಅಂತಲೇ ಒಂದು ಹಸಿರು ಸೀರೆ ತೆಗೆದಿಟ್ಟಿದ್ದಳು. ಹಿಂದಿನ ದಿನ ಬೆಳಿಗ್ಗೆ ಆ ಸೀರೆಯನ್ನು ಮತ್ತೆ ಬೀರುವಿನೊಳಗೆ ಇಟ್ಟು, "ನಾನು ಬರಲ್ಲ, ನೀವು ಹೋಗ್ಬನ್ನಿ" ಅಂದಳು.

"ಯಾಕಮ್ಮ?"

"ಸುಮ್ನೆ ಕಣೋ. ಅಷ್ಟು ಹೊತ್ತು ಜನರ ಮಧ್ಯೆ ಕೂರಕ್ಕಾಗಲ್ಲ."

ನನಗೆ ರೇಗಿತು. ಆಫೀಸಿನಿಂದ ಬರುವಾಗ ರಾಜಿ ಮಾಡಿಕೊಳ್ಳೋಣ ಅಂತ ಕೊಬ್ಬರಿ ಮಿಠಾಯಿಯನ್ನೇ ತಂದು ಅವಳ ಮುಂದೆ ಇಟ್ಟೆ. "ತಿನ್ನಮ್ಮ, ಇನ್ನು ನಾನು ಕೇಳಲ್ಲ. ಇಷ್ಟಕ್ಕೆಲ್ಲ ತಂಗಿ ಮನೇಲಿ ಹಾಲು ಉಕ್ಕಿಸೋದನ್ನ ಬಿಡ್ತಾರಾ?" ಅಂದೆ. ಅಮ್ಮ ಆ ಪೊಟ್ಟಣವನ್ನು ನೋಡಿದಳು. ಅವಳ ಕಣ್ಣು ತುಂಬಿತು. ಎದ್ದು ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲ ಹೊರಗೆ ನಿಂತು ನಾನು ಸಕ್ಕರೆ ಕಾಯಿಲೆಯ ಮೇಲೆ ಇನ್ನೊಂದು ಉಪನ್ಯಾಸ ಶುರುಮಾಡುವುದರಲ್ಲಿದ್ದೆ. ಹೆಂಡತಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಮಿಠಾಯಿ ಅಂತೆ ಮಿಠಾಯಿ. ಅತ್ತೆಗೆ ಕೆಮ್ಮಿದ್ರೆ, ಸೀನಿದ್ರೆ, ಜೋರಾಗಿ ನಕ್ಕರೆ ಉಚ್ಚೆ ತಡ್ಕೊಳ್ಳೋಕಾಗ್ತಿಲ್ಲ. ಸೀರೆ ಒದ್ದೆ ಆಗುತ್ತೆ. ಎಷ್ಟು ದಿನದಿಂದ ಒಬ್ಬರೇ ಅನುಭವಿಸ್ತಿದ್ದಾರೋ, ಇವತ್ತು ಮಧ್ಯಾಹ್ನ ನನ್ನ ಹತ್ರ ಅತ್ತುಬಿಟ್ರು."

"ಅದಕ್ಕೆ ಪ್ಯಾಡ್ ಬರುತ್ತಲ್ಲ? ಮೆಡಿಕಲ್ ಶಾಪಲ್ಲಿ ಸಿಗುತ್ತೆ."

"ಸಿಗುತ್ತೆ. ತಗೊಂಡ್ರೆ ಬಿಲ್ ಯಾರ ಫೋನಿಗೆ ಬರುತ್ತೆ?"

ನನ್ನ ಕೈ ಜೇಬಿನಲ್ಲಿದ್ದ ಫೋನಿನ ಮೇಲೆ ಹೋಯಿತು.

"ಹೋಗಿದ್ರಂತೆ. ಕೈಯಲ್ಲಿ ಹಿಡ್ಕೊಂಡೂ ಇದ್ರಂತೆ. ಇವರನ್ನ ನೋಡಿದ ತಕ್ಷಣ ಅಂಗಡಿ ಹುಡುಗಿ ನಿಮ್ಮ ನಂಬರ್ ಒತ್ತೋಕೆ ಹೋದ್ಲಂತೆ. ವಾಪಸ್ ಇಟ್ಟು ಬಂದ್ರು. ಮಗ ಊಟಕ್ಕೆ ಕೂತಾಗ ಕೇಳ್ತಾನೆ ಅಂತ."

ಗೋಡೆಗೆ ಒರಗಿ ನಿಂತೆ. ನಂಬರ್ ಕೊಡಲ್ಲ ಅನ್ನಬಹುದು, ಅದು ನಮ್ಮ ಹಕ್ಕು ಅಂತ ನಾನು ಕಾಲುಚೀಲದ ಹುಡುಗಿಗೆ ಹೇಳಿದ್ದೆ, ಸಾಲಿನಲ್ಲಿದ್ದ ಗುರುತಿಲ್ಲದವರಿಗೆಲ್ಲ ಹೇಳಿದ್ದೆ. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ನನ್ನ ನಂಬರ್ ಕೊಡು ಅಂತ.

"ನಾನೇ ಹೋಗಿ ತರ್ತೀನಿ" ಅಂದೆ.

"ನಾನು ಹೋಗ್ತೀನಿ ಬಿಡಿ. ನೀವು ಅಲ್ಲಿ ಹೋಗಿ ಭಾಷಣ ಮಾಡ್ತೀರ."

"ಮಾಡಲ್ಲ."

ಬೇರೆ ಯಾವುದಾದರೂ ಮೆಡಿಕಲ್ ಶಾಪಿಗೆ ಹೋಗಬಹುದಿತ್ತು. ಆ ಬುದ್ಧಿ ಹೊಳೆದದ್ದು ಮಾರನೆಯ ದಿನ. ಕಾಲು ಎಳೆದ ಕಡೆ ಹೋದೆ, ಅದೇ ಅಂಗಡಿಗೆ. ಕೌಂಟರಿನಲ್ಲಿ ಉತ್ತರ ಕರ್ನಾಟಕದ ಕಡೆಯ ಹುಡುಗಿ, ಅಮ್ಮನನ್ನು ಚೆನ್ನಾಗಿ ಬಲ್ಲವಳು. ನಾನು ಪ್ಯಾಕೆಟ್ ತಂದಿಟ್ಟದ್ದಕ್ಕೂ ಹಿಂದಿನಿಂದ, "ಓಹೋ, ಸಾರ್ ಬಂದ್ರು" ಅನ್ನುವ ದನಿ ಕೇಳಿದ್ದಕ್ಕೂ ಸರಿಹೋಯಿತು. ತಿರುಗಿ ನೋಡಿದರೆ ನನ್ನ ಏಕೈಕ ಶಿಷ್ಯ, ಹಿಂದಿನ ಕ್ರಾಸಿನವರು. ಕೈಯಲ್ಲಿ ನೋವಿನ ಮುಲಾಮು ಹಿಡಿದು, ಪಕ್ಕದವರಿಗೆ, "ಈಗ ನೋಡ್ತಿರಿ, ಸಾರ್ ನಂಬರ್ ಕೊಡಲ್ಲ" ಅಂತ ಪೀಠಿಕೆ ಹಾಕುತ್ತಿದ್ದರು.

ಹುಡುಗಿ ನನ್ನ ಮುಖ ನೋಡಿ ಗುರುತು ಹಿಡಿದಳು. "ಅಜ್ಜಿಯವ್ರ ಮಗ ಅಲ್ರಿ ಸರ? ಅಜ್ಜಿಯವ್ರ ಹೆಸರಿನ್ಯಾಗ ನಂಬರ್ ಐತ್ರಿ, ಅದಕ್ಕ ಹಾಕ್ಲೇನ್ರಿ?" ಅಂದಳು.

ಅವಳ ಪಕ್ಕದ ಪರದೆ ನಮ್ಮ ಕಡೆಗೇ ತಿರುಗಿತ್ತು. ಅದರಲ್ಲಿ ಕೊಂಡ ಸಾಮಾನಿನ ಪಟ್ಟಿಯ ಮೇಲೆ ಕೊಂಡವರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ. ಹಿಂದಿನ ಕ್ರಾಸಿನವರು ಆಗಲೇ ಕತ್ತು ಉದ್ದ ಮಾಡಿದ್ದರು. ಅವರಿಗೆ ಗೊತ್ತಾದರೆ ಪಾರ್ಕಿಗೆ ಗೊತ್ತಾಗುತ್ತದೆ, ಪಾರ್ಕಿಗೆ ಗೊತ್ತಾದರೆ ಅಮ್ಮ ಇನ್ನು ಆ ಕಡೆ ತಲೆ ಹಾಕುವುದಿಲ್ಲ. ನಂಬರ್ ಬೇಡ, ಹಾಗೇ ಬಿಲ್ ಮಾಡಿ ಅನ್ನಬೇಕಿತ್ತು. ಜೀವನವೆಲ್ಲ ಅದನ್ನೇ ಅಂದವನು ನಾನು. ಆದರೆ ಹುಡುಗಿಯ ಬೆರಳು ಕೀಲಿಯ ಮೇಲಿತ್ತು, ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಅಮ್ಮಂದಲ್ಲಮ್ಮ. ನನಗೆ. ನನ್ನ ಹೆಸರು ಹಾಕಿ."

"ನಿಮಗ್ರಿ?"

"ಹೂಂ, ನನಗೇ."

"ಹಂಗಾರ ನಿಮ್ಮ ಹೆಸರಿಗೆ ಬ್ಯಾರೆ ಖಾತೆ ತೆಗಿತೀನ್ರಿ, ನಂಬರ್ ಹೇಳ್ರಿ ಸರ."

ಹೇಳಿದೆ. ಹತ್ತೂ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳಿದೆ. ಹೆಸರು ಹೇಳಿದೆ. ಸೈಜ್ ಕೇಳಿದಳು, ಅದನ್ನೂ ಹೇಳಿದೆ. ಹುಟ್ಟಿದ ದಿನ ಹೇಳಿದರೆ ಆಫರ್ ಬರುತ್ತದೆ ಅಂದಳು, ಅದನ್ನೂ ಕೊಟ್ಟೆ. ಹಿಂದೆ ಯಾರೂ ಗೊಣಗಲಿಲ್ಲ. ಹಿಂದಿನ ಕ್ರಾಸಿನವರು ತಮ್ಮ ಮುಲಾಮಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಪ್ಯಾಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ತಾನೇ ತಂದದ್ದು ಅಂತ ಹೇಳಿ ಅಮ್ಮನ ಕೋಣೆಯಲ್ಲಿ ಇಟ್ಟು ಬಂದಳು. ಮಾರನೆಯ ದಿನ ಅಮ್ಮ ಹಸಿರು ಸೀರೆ ಉಟ್ಟು ನಮಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದಳು. ಹೊಸ ಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಅಕ್ಕತಂಗಿ ಇಬ್ಬರೂ ಅದನ್ನು ಒರೆಸುವುದು ಬಿಟ್ಟು ಹಳೆಯದೇನೋ ನೆನೆಸಿಕೊಂಡು ಬಿದ್ದು ಬಿದ್ದು ನಕ್ಕರು. ಅಮ್ಮ ಎದ್ದು ಹೋಗಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅಳು ಬಂತು. ಹೊಗೆ ಅಂದೆ. ಗ್ಯಾಸಿನ ಒಲೆಯಲ್ಲಿ ಎಲ್ಲಿಯ ಹೊಗೆ?

ನನ್ನ ವಿಷಯ ಪಾರ್ಕಿಗೆ ಮುಟ್ಟಲು ತಡವಾಗಲಿಲ್ಲ. ಬೆಳಿಗ್ಗೆ ವಾಕಿಂಗಿನಲ್ಲಿ ಎಲ್ಲರೂ ನನಗಾಗಿ ನಿಧಾನವಾಗಿ ನಡೆಯತೊಡಗಿದರು. ಹಿಂದಿನ ಕ್ರಾಸಿನವರು ಹೆಗಲ ಮೇಲೆ ಕೈಹಾಕಿ, "ನಮ್ಮ ಭಾವಂಗೂ ಹಿಂಗೇ ಆಗಿತ್ತು ಸಾರ್, ಈಗ ಆರಾಮಾಗಿದ್ದಾರೆ. ಧೈರ್ಯವಾಗಿರಿ" ಅಂದರು. ಹತ್ತಿರದ ಬೆಂಚು ಖಾಲಿ ಮಾಡಿಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ಕೂತೆ. ಇನ್ನೇನು ಮಾಡಲಿ? ಅಂಗಡಿಯವರಂತೂ ನನ್ನನ್ನು ಮರೆಯುವ ಹಾಗೆ ಕಾಣುವುದಿಲ್ಲ. ಹುಟ್ಟಿದ ದಿನ ಬೆಳಿಗ್ಗೆ ಮೊದಲ ಶುಭಾಶಯ ಅವರದೇ, ಪ್ಯಾಡಿನ ಮೇಲೆ ವಿಶೇಷ ರಿಯಾಯಿತಿಯ ಜೊತೆ.

ಅಮ್ಮನ ಕಿವಿಗೂ ಬಿತ್ತು. ಹಿಂದಿನ ಕ್ರಾಸಿನವರ ಹೆಂಡತಿ ವಚನದ ಗುಂಪಿನಲ್ಲಿ ಅವಳ ಕೈಹಿಡಿದು, "ಪಾಪ, ನಿಮ್ಮ ಮಗನಿಗೆ ಈ ವಯಸ್ಸಿಗೇ ಹಿಂಗಾಗಬಾರದಿತ್ತು" ಅಂದರಂತೆ. ಅಮ್ಮ ಮನೆಗೆ ಬಂದು ನನ್ನ ಪಕ್ಕ ಕೂತಳು.

"ನಾಲ್ಕು ಜನರ ಮುಂದೆ ಹಂಗ್ಯಾಕೋ ಅಂದೆ?"

"ನಂಬರ್ ನಂದೇ ಅಲ್ವೇನಮ್ಮ."

ಅಮ್ಮ ನನ್ನ ತಲೆ ಸವರಿ ಎದ್ದುಹೋದಳು. ಆಮೇಲೆ ಹೆಂಡತಿ ಅವಳನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಏನೋ ವ್ಯಾಯಾಮ ಹೇಳಿಕೊಟ್ಟಿದ್ದಾರಂತೆ, ಈಗ ಎಷ್ಟೋ ವಾಸಿ. ಅದಕ್ಕಿಂತ ಹೆಚ್ಚು ನಾನು ಕೇಳಿಲ್ಲ. ನಾನು ಹೇಳಿಕೊಟ್ಟದ್ದು ಒಂದೇ. ಊಟದ ಮೇಜಿನ ಮುಂದೆ ನಾನು ಅಂಗಡಿಯ ಹುಡುಗಿಯಾಗಿ ನಿಂತು ನಂಬರ್ ಕೇಳುತ್ತಿದ್ದೆ, ಅಮ್ಮ ಕೊಡಲ್ಲ ಅನ್ನಬೇಕು. "ಕೊಡಲ್ಲ ಕಣಮ್ಮ" ಅಂದವಳೇ, "ಪಾಪ, ಬೇಜಾರು ಮಾಡ್ಕೊಳ್ತಾಳೇನೋ" ಅಂತ ನನ್ನ ಮುಖ ನೋಡುತ್ತಿದ್ದಳು. ಈಗ ಪಳಗಿದ್ದಾಳೆ. ಮೊನ್ನೆ ಚೀಲ ತುಂಬ ಏನೋ ತಂದಳು. ಬಾಯಿತಪ್ಪಿ, ಏನಮ್ಮಾ ತಂದೆ ಅಂತ ಕೇಳಿಬಿಟ್ಟೆ. "ಅದೆಲ್ಲ ಹೇಳಕ್ಕಾಗಲ್ಲ" ಅಂದು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಕೊಬ್ಬರಿಯ ವಾಸನೆ ಬಂತು. ನಾನು ಮೂಗನ್ನು ಬೇರೆ ಕಡೆ ತಿರುಗಿಸಿದೆ.

ಇದನ್ನು ಬರೆಯಲೋ ಬೇಡವೋ ಅಂತ ಅಮ್ಮನನ್ನೇ ಕೇಳಿದೆ. ಒಂದು ವೇಳೆ ಬೇಡ ಅಂದಿದ್ದರೆ ಹಾಳೆ ಹರಿದು ಹಾಕಲು ತಯಾರಾಗಿದ್ದೆ. ಅವಳು ಬತ್ತಿ ಹೊಸೆಯುತ್ತಿದ್ದವಳು ಯೋಚನೆ ಮಾಡಿ ಹೇಳಿದಳು.

"ಬರಿ. ನನ್ನ ಹೆಸರು ಮಾತ್ರ ಹಾಕ್ಬೇಡ. ನಿಂದು ಬೇಕಾದ್ರೆ ಹಾಕ್ಕೋ. ನಿನ್ನ ವಿಷಯ ಹೆಂಗೂ ಊರಿಗೆಲ್ಲ ಗೊತ್ತು."