ಕೇಳದೆ ಬರೆದ ಸಲಹೆ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರು ದುಡಿಯುತ್ತಿದ್ದ ವಿಶ್ವವಿದ್ಯಾಲಯದಲ್ಲೇ ನನಗೆ ಗುಮಾಸ್ತೆಯ ಕೆಲಸ ಕೊಟ್ಟರು. ಎರಡು ವರ್ಷ ಪ್ರೊಬೇಷನ್. ಅಷ್ಟರಲ್ಲಿ ತಪ್ಪಾದರೆ ಮನೆಗೆ ಕಳಿಸುತ್ತಾರೆ ಎಂಬ ಭಯ. ಮಲ್ಕಾಜ್‌ಗಿರಿಯ ಬಾಡಿಗೆ ಮನೆಯಲ್ಲಿ ನಿಮ್ಮ ಅಪ್ಪ, ಸೋದರತ್ತೆ ಇಬ್ಬರೂ ಇನ್ನೂ ಶಾಲೆಯಲ್ಲಿದ್ದರು.

ಹೈದರಾಬಾದೆಲ್ಲ ಕಂಪ್ಯೂಟರ್ ಎನ್ನುತ್ತಿದ್ದ ಕಾಲ. ನಮ್ಮ ವಿಭಾಗಕ್ಕೂ ಹೊಸವು ಬೇಕಿದ್ದವು. ಕಂಪ್ಯೂಟರ್ ಕೇಂದ್ರದ ಎಂಜಿನಿಯರನ್ನು ಕೇಳಿ ಪಟ್ಟಿ ಮಾಡಲು ಮುಖ್ಯಸ್ಥೆ ಮೇಡಂ ಹೇಳಿದರು. ಹೋದೆ. ಗಾಜಿನ ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ಸಾಲು. ಒಳಗೆ ಬರೀ ಇಂಗ್ಲಿಷ್ ಮಾತು. ಒಂದು ಕಾಲಿನ ಚಪ್ಪಲಿ ಬಿಟ್ಟವಳು ಮತ್ತೆ ಮೆಟ್ಟಿಕೊಂಡು ಹಿಂದಿರುಗಿದೆ.

ನಮ್ಮ ಕಚೇರಿಯಲ್ಲಿ ಹೊಸ ಕಡತವೆಂದರೆ ಹಳೆಯದನ್ನು ನೋಡಿ ಇಳಿಸುವುದು. ಹಿಂದಿನ ಸಲದ ಪಟ್ಟಿಯನ್ನೇ ಟೈಪ್ ಮಾಡಿದೆ. 'ಕಂಪ್ಯೂಟರ್ ಕೇಂದ್ರದ ಸಲಹೆ ಪಡೆಯಲಾಗಿದೆ' ಎಂಬ ಅದರ ಕೊನೆಯ ಸಾಲನ್ನೂ ಬಿಡಲಿಲ್ಲ.

ಮೇಡಂ ಸಹಿ ಮಾಡಿ, ನಾಳೆಯ ಖರೀದಿ ಸಭೆಗೆ ಆ ಎಂಜಿನಿಯರೂ ಬರುತ್ತಾರೆ ಎಂದರು.

ಕಡತ ಅವಚಿಕೊಂಡು ಮತ್ತೆ ಓಡಿದೆ. ಈ ಸಲ ಎರಡೂ ಚಪ್ಪಲಿ ಬಿಟ್ಟೆ. ನನ್ನ ಹಿಂದಿ ಕೇಳಿ ಎಂಜಿನಿಯರು ನಕ್ಕರು. "ಕನ್ನಡದಾಗ ಹೇಳ್ರಿ ಅಕ್ಕಾರ. ನಾನೂ ಕಲಬುರಗಿ ಕಡಿಯಾಂವ."

ಕಡತ ಓದುತ್ತಿದ್ದಂತೆ ಅವರ ನಗು ಹೋಯಿತು. "ನಾ ಯಾವಾಗ ಸಲಹಾ ಕೊಟ್ಟೀನ್ರಿ? ನಿಮ್ಮ ಕನಸಿನ್ಯಾಗ ಬಂದಿದ್ನೇನು?"

"ತಪ್ಪಾತ್ರಿ. ಒಳಗ ಬರಾಕ ಅಂಜಿದೆ."

"ಇವು ಹಳೇ ಮಷೀನ್ರಿ. ನಮ್ಮ ನೆಟ್‌ವರ್ಕಿಗೆ ಕೂಡೂದಿಲ್ಲ. ತಂದಿದ್ರ ಮ್ಯಾಲ ಹೂದಾನಿ ಇಡಬೇಕಿತ್ತು, ಅಷ್ಟ."

ಹೊಸ ಪಟ್ಟಿ ಬರೆದುಕೊಟ್ಟರು.

"ಮೇಡಂಗ ಹೇಳಬ್ಯಾಡ್ರಿ," ಎಂದು ಬೇಡಿಕೊಂಡೆ.

"ನಾ ಯಾಕ ಹೇಳಲಿ? ಆದ್ರ ಸಹಿ ಆಗೇತಿ. ಪಟ್ಟಿ ಬದಲಾಗಬೇಕಂದ್ರ ನೀವ ಹೇಳಬೇಕು."

ಮೇಡಂ ಕೋಣೆಯಲ್ಲಿ ನಿಂತು, ಕೇಳದೆಯೇ ಬರೆದೆ ಎಂದೆ. ಅವರು ತೆಲುಗಿನಲ್ಲಿ, "ಇನ್ನೂ ಯಾವ ಕಡತದಲ್ಲಿ ಹೀಗೆ ಬರೆದಿದ್ದೀರಿ?" ಎಂದರು. ಇದೊಂದೇ ಎಂದೆ. ಹಾಳೆ ಹರಿದರು. ಕೆಲಸದಿಂದ ತೆಗೆಯುವ ಮಾತೆತ್ತಲಿಲ್ಲ. ತೆಗೆಯುವುದಿಲ್ಲ ಎಂದೂ ಹೇಳಲಿಲ್ಲ. ಹೊಸ ಪಟ್ಟಿ ಟೈಪ್ ಮಾಡಿಕೊಟ್ಟೆ.

ಪ್ರೊಬೇಷನ್ ಮುಗಿಯಲು ಏಳು ತಿಂಗಳಿತ್ತು. ಅಷ್ಟೂ ದಿನ ಮೇಡಂ ಗಂಟೆ ಒತ್ತಿದರೆ ಕೆಲಸ ಹೋಯಿತೆಂದೇ ಎದ್ದು ಹೋಗುತ್ತಿದ್ದೆ. ಕೊನೆಗೊಂದು ದಿನ ಕರೆದು ಕಾಗದ ಮುಂದಿಟ್ಟು, ಓದಿ ಸಹಿ ಮಾಡಿ ಎಂದರು. ಕಾಯಂ ಆದ ಆದೇಶ ಎಂದು ತಿಳಿಯಲು ನಾನು ಅದನ್ನು ಎರಡು ಸಲ ಓದಬೇಕಾಯಿತು.