ನಾನು ತೆಗೆಸಿದ ತುಳಸಿ ಮಾಲೆ

ಇದನ್ನು ಹೇಳಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಬೇರೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಅಕ್ಕನ ಗಂಡ ನನಗಿಂತ ಎರಡೇ ವರ್ಷ ದೊಡ್ಡವನು, ಗೆಳೆಯನಂತಿದ್ದ. ಕುಡಿದು ಲಿವರ್ ಕೆಟ್ಟು ಅವನ ಕಣ್ಣು ಹಳದಿಯಾದಾಗ ದೇವಾಪುರದ ಹಿರಿಯರೊಬ್ಬರ ಕೈಯಿಂದ ತುಳಸಿ ಮಾಲೆ ಹಾಕಿಸಿಕೊಂಡ. ನಮ್ಮ ಕಡೆ ಪಂಢರಪುರದ ಮಾಲೆ ಕೊರಳಿಗೆ ಬಿದ್ದರೆ ಸೆರೆ-ಹೆಂಡ ಮುಟ್ಟುವಂತಿಲ್ಲ. ಎರಡು ವರ್ಷ ಅವನು ಮುಟ್ಟಲಿಲ್ಲ.

ನಾನು ರಂಗಂಪೇಟೆಯಲ್ಲಿ ದಿನಾ ಸಂಜೆ ಅಳೆದು ಕುಡಿಯುತ್ತಿದ್ದವನು. ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಹೆಚ್ಚು ಬದುಕುತ್ತಾರೆ ಎಂದು ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಒಬ್ಬನೇ ಕುಡಿಯಲು ಬೇಸರವಾಗುತ್ತಿತ್ತು. ಅವನ ಮಾಲೆ ತೆಗೆಸಲು ನಿಜವಾದ ಕಾರಣ ಅದೇ. ಒಂದು ಸಂಜೆ ಅಕ್ಕನ ಮನೆಗೆ ಹೋಗಿ ಅವನಿಗೆ ಅಂದೆ:

"ಮಾಮಾ, ನಮ್ಮ ಓಣ್ಯಾಗ ಕುಡಿಯೋದು ಬಿಟ್ಟು ಮಾಲಿ ಹಾಕ್ಕೊಂಡೋರು ನಾಕು ಮಂದಿ. ಮೂರು ಮಂದಿ ಹೋದ್ರು. ಕುಡಿಯೋರೆಲ್ಲ ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ತಿನ್ನಾಕತ್ತಾರ."

"ಹಂಗಾದ್ರ ಮುಂದಿನ ಪಾಳಿ ನಂದೇನೋ ಅಳಿಯಾ?" ನಗುತ್ತಲೇ ಕೇಳಿದ. ಆದರೆ ಕೈ ಮಾಲೆಯ ಮಣಿ ಹಿಡಿದಿತ್ತು.

"ಔಷಧದಂಗ ಒಂದು ಮುಚ್ಚಳ ತಗೋ. ಪೇಪರ್‌ನ್ಯಾಗ ಬಂದೈತಿ."

"ಪೇಪರ್ ಬಂದು ನನ್ನ ಕುಂಕುಮ ಕಾಯ್ತೈತೇನು?" ಒಳಗಿನಿಂದ ಅಕ್ಕ ಅಂದಳು. ನಾವಿಬ್ಬರೂ ನಕ್ಕೆವು.

ಮಾಲೆ ದೇವರ ಜಗಲಿಯ ಪಕ್ಕದ ಗೂಟಕ್ಕೆ ಹೋಯಿತು. ಕೆಮ್ಮಿನ ಔಷಧದ ಮುಚ್ಚಳದಲ್ಲಿ ನಾನೇ ಅಳೆದುಕೊಟ್ಟೆ. ದೀಪಾವಳಿಯ ಹೊತ್ತಿಗೆ ಮುಚ್ಚಳ ಹೋಗಿ ಲೋಟ ಬಂತು. ಯುಗಾದಿಗೆ ಅವನ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಶಹಾಪುರದ ಡಾಕ್ಟರ ಮುಂದೆ ನಾನು ಓಣಿಯ ನಾಲ್ವರ ಅದೇ ಲೆಕ್ಕ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಆ ಮೂರು ಮಂದಿ ಮಾಲಿ ಯಾಕ ಹಾಕ್ಕೊಂಡಿದ್ರು ಯಜಮಾನ್ರ?"

ಮೂವರಿಗೂ ಮೊದಲೇ ಲಿವರ್ ಹೋಗಿತ್ತು. ಅದಕ್ಕೇ ಬಿಟ್ಟಿದ್ದರು. ರೋಗ ಬಂದ ಮೇಲೆ ಬಿಟ್ಟವರನ್ನು ನಾನು ಕುಡಿಯದವರ ಸಾಲಿನಲ್ಲಿ ನಿಲ್ಲಿಸಿದ್ದೆ. ಹುಟ್ಟಿದಾಗಿನಿಂದ ಮುಟ್ಟದೆ ಗಟ್ಟಿಯಾಗಿ ಓಡಾಡುವವರನ್ನು ಎಣಿಸಿಯೇ ಇರಲಿಲ್ಲ. ಪೇಪರಿನವರು ಹೇಗೆ ಎಣಿಸಿದ್ದರೋ, ನಾನು ಕೇಳಿದವನಲ್ಲ.

ಹದಿನೈದು ದಿನಕ್ಕೆ ಅವನು ಹೋದ. ಮಣ್ಣು ಮಾಡಿ ಬಂದ ಮೇಲೂ ನಾನು ಕುಡಿಯುವುದನ್ನು ಬಿಡಲಿಲ್ಲ.

ಮಾಲೆ ಇನ್ನೂ ಗೂಟದಲ್ಲೇ ಇದೆ. ಹೋದಾಗಲೆಲ್ಲ ಅಕ್ಕ ನನ್ನನ್ನು ಅದರ ಕೆಳಗೇ ಕೂರಿಸಿ ಚಹಾ ಕೊಡುತ್ತಾಳೆ. ಹೋದ ತಿಂಗಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ತಮ್ಮಾ, ಕಣ್ಣು ಹಳದಿ ಕಾಣಾಕತ್ತಾವ. ಮಾಲಿ ಇಳಿಸಿ ಕೊಡ್ಲೇನು?"

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಚಹಾ ಕುಡಿದು ಎದ್ದು ಬಂದೆ. ಊರಿನಲ್ಲಿ ಎಲ್ಲರ ಮುಂದೆ ಅತ್ತಿದ್ದೇನೆ, ದೇವರ ಮುಂದೆ ಗಲ್ಲ ಬಡಿದುಕೊಂಡಿದ್ದೇನೆ. ಆ ಒಂದು ಮಾತು ಹೇಳದೆ ಉಳಿದಿರುವುದು ಅವಳಿಗೆ ಮಾತ್ರ, ನನ್ನ ಅಕ್ಕನಿಗೆ.