ಮಂತ್ರವಾದಿಯ ಪಾಲು

ಟ್ರ್ಯಾಕ್ಟರ್ ಬಿಡಿಭಾಗ ತರೋಕೆ ದಾವಣಗೆರೆಗೆ ಹೋಗಿದ್ದೆ. ಸಾಮಾನು ಬರೋದು ತಡವಾಯ್ತು. ಅಂಗಡಿಯವರ ಮಗಳು ಶಬಾನಾ, "ನಮ್ಮ ಆಟಕ್ಕೆ ಒಬ್ಬರು ಕಡಿಮೆ ಅದಾರೆ, ಬರ್ರಿ" ಅಂತ ಮಹಡಿಗೆ ಕರೆದಳು. ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ರಾಕ್ಷಸರನ್ನ ಹೊಡೆಯೋ ಆಟ; ನಡೆಸೋಳು ಅವಳೇ. ನಾನು ನಂದಿಗುಡಿಯ ಪೈಲ್ವಾನ, ಕತ್ತಿವೀರನೇ ಆದೆ. ಕತ್ತಿ ಎತ್ತೋದರೊಳಗೆ, ಮಂತ್ರವಾದಿಯಾಗಿದ್ದ ಅವಳ ಗೆಳತಿ ಸುಮಾ ಇಡೀ ರಾಕ್ಷಸ ಪಡೆಯನ್ನ ಸುಟ್ಟುಬಿಟ್ಟಳು.

"ಇದು ಅನ್ಯಾಯ ಐತ್ರಿ! ಅವರಿಗೆ ಬೆಂಕಿ, ನನಗೆ ಬರೀ ಬೆವರು?"

"ಹಂಗಾದ್ರೆ ನೀವೇ ಸಮ ಮಾಡ್ರಿ," ಅಂದಳು ಶಬಾನಾ.

"ನಮ್ಮೂರಾಗೆ ಹೊಲ ಪಾಲು ಮಾಡಿದಂಗೆ ಮಾಡ್ತೀನಿ, ನೋಡ್ರಿ!" ಅಂತ ಎದೆ ಉಬ್ಬಿಸಿದೆ. ಕತ್ತಿವೀರನಿಗೆ ಕಬ್ಬಿಣದ ಮೈ, ಒಂದರ ಬದಲು ಮೂರು ಏಟು ಕೊಟ್ಟೆ. ಮಂತ್ರವಾದಿಗೆ ದೀಪ ಹಚ್ಚೋ ಮಂತ್ರ ಒಂದೇ ಬಿಟ್ಟೆ.

"ನಿಮ್ಮೂರಾಗೆ ಪಾಲು ಮಾಡಿದೋರು ಯಾವಾಗ ಆರಿಸ್ಕೋತಾರೆ?" ಶಬಾನಾ ಕೇಳಿದಳು.

"ಕೊನೇಗೆ ರೀ. ಕಿರಿಯರು ಮೊದಲು. ನ್ಯಾಯ ಅಂದ್ರೆ ಅದು!" ಅಂತ ಜಂಬದಿಂದ ಹೇಳೋದೇ ತಡ, ಸುಮಾ ಕತ್ತಿವೀರನ ಗೊಂಬೆ ತನ್ನ ಕಡೆ ಎಳ್ಕೊಂಡು, ಮಂತ್ರವಾದಿನ ನನ್ನ ಕಡೆ ತಳ್ಳಿದಳು.

"ಅಣ್ಣಾ, ದೀಪ ಸ್ವಲ್ಪ ಈ ಕಡೆ ಹಿಡೀರಿ."

ಆಟದಾಗಿನ ರಾಕ್ಷಸರ ಗುಹೆ ದಾಟೋವರೆಗೂ ಹಿಡಿದೆ. ಒಂದು ಮಾತು ಮಾತ್ರ ಹೇಳ್ತೀನಿ, ಆ ಟೇಬಲ್ಲಿನ ಮೇಲೆ ನನ್ನಷ್ಟು ಚೆನ್ನಾಗಿ ದೀಪ ಹಚ್ಚಿದೋರು ಇನ್ನೊಬ್ಬರಿಲ್ಲ.